ರಾಂಕಿನ್ ಬಿದ್ದ 40 ನಿಮಿಷ: ಒಂದು ಕಿರುಚಿತ್ರಕ್ಕಾಗಿ ಪ್ರಕರಣ ಅಧ್ಯಯನ

1959ರ ಜುಲೈ 26, ಭಾನುವಾರ ಸಂಜೆ. ಅಮೆರಿಕದ ಪೂರ್ವ ಭಾಗದಲ್ಲಿ, ನೆಲದಿಂದ 47,000 ಅಡಿ ಮೇಲೆ ಒಬ್ಬ ಪೈಲಟ್ ತನ್ನ ಕೈಯನ್ನೇ ನೋಡುತ್ತಾ ಕೂತಿದ್ದಾರೆ. ಕೈಯಲ್ಲಿ ಒಂದು ಹಿಡಿಕೆ ಇದೆ. ಅದು ಕಾಕ್‌ಪಿಟ್‌ಗೆ ಸೇರಿದ್ದು. ಎಂಜಿನ್ ಕೈಕೊಟ್ಟಾಗ ಬದಲಿ ವಿದ್ಯುತ್ತಿಗೆ ಎಳೆಯಬೇಕಾದ ಹಿಡಿಕೆ. ಎಳೆದರು, ಕಿತ್ತುಕೊಂಡು ಕೈಗೇ ಬಂತು.

ಅಪಾಯಕ್ಕೆ ಸಿಕ್ಕ ಮಿಲಿಟರಿ ಪೈಲಟ್ ಬಗ್ಗೆ ಕಿರುಚಿತ್ರ ಮಾಡಬೇಕು ಅಂತ ಯಾರಾದರೂ ಸ್ಕ್ರಿಪ್ಟ್ ಹಿಡಿದುಕೊಂಡು ಬಂದರೆ, ನಾನು ಮೊದಲು ಅವರ ಮುಂದೆ ಇಡುವುದು ಈ ಪ್ರಕರಣವನ್ನು. ತುಂಬಾ ಸ್ಕ್ರಿಪ್ಟ್‌ಗಳಲ್ಲಿ ಅಪಾಯ ಅಂದರೆ ಬೆಂಕಿ, ಸ್ಫೋಟ, ಶತ್ರುವಿನ ಕ್ಷಿಪಣಿ. ಇಲ್ಲಿ ಶತ್ರುವೇ ಇಲ್ಲ. ಯುದ್ಧವೂ ಇಲ್ಲ. ಒಬ್ಬ ಮನುಷ್ಯ, ಒಂದು ಮೋಡ, 40 ನಿಮಿಷ. ಅಕಾಡೆಮಿ ಪ್ರಶಸ್ತಿಯ ನಿಯಮದಲ್ಲಿ ಕಿರುಚಿತ್ರ ಅನ್ನಿಸಿಕೊಳ್ಳಲು ಇರುವ ಗರಿಷ್ಠ ಅವಧಿಯೂ, ಹೆಸರಿನ ಪಟ್ಟಿ ಸೇರಿ, 40 ನಿಮಿಷವೇ. ಇದು ಕಾಕತಾಳೀಯ ಅಷ್ಟೇ. ಆದರೆ ಬರೆಯುವವನಿಗೆ ಅದು ತಲೆಯಲ್ಲಿ ಕೂತುಬಿಡುತ್ತದೆ.

ನಡೆದದ್ದು

ಪೈಲಟ್ ಹೆಸರು ವಿಲಿಯಂ ರಾಂಕಿನ್. ಅಮೆರಿಕದ ಮರೀನ್ ಕೋರ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್. ಎರಡನೇ ಮಹಾಯುದ್ಧ, ಕೊರಿಯಾ ಯುದ್ಧ ಎರಡನ್ನೂ ಕಂಡವರು. ಅವತ್ತು ಮ್ಯಾಸಚೂಸೆಟ್ಸ್‌ನ ಸೌತ್ ವೇಮೌತ್ ನೌಕಾಪಡೆ ವಿಮಾನ ನಿಲ್ದಾಣದಿಂದ ದಕ್ಷಿಣ ಕೆರೊಲಿನಾದ ಬ್ಯೂಫರ್ಟ್ ಕಡೆಗೆ ಹೊರಟಿದ್ದರು. ವಿಮಾನ ಎಫ್-8 ಕ್ರುಸೇಡರ್. ಒಂದೇ ಸೀಟು, ಒಂದೇ ಎಂಜಿನ್. ಪಕ್ಕದಲ್ಲಿ ಇನ್ನೊಂದು ಕ್ರುಸೇಡರ್‌ನಲ್ಲಿ ಜೊತೆಗಾರ ಪೈಲಟ್ ಇದ್ದರು.

ದಾರಿಯಲ್ಲಿ ದೊಡ್ಡ ಗುಡುಗು ಮೋಡ ಎದುರಾಯಿತು. ಇಬ್ಬರೂ ಅದರ ತಲೆಯ ಮೇಲಿಂದ ದಾಟಲು ಮೇಲೇರಿದರು. 47,000 ಅಡಿ ಅಂದರೆ 14 ಕಿಲೋಮೀಟರಿಗೂ ಜಾಸ್ತಿ. ಎವರೆಸ್ಟ್‌ನ ಒಂದೂವರೆ ಪಟ್ಟಿಗಿಂತ ಮೇಲೆ. ಅಲ್ಲಿ ಆಕಾಶ ಕಡುನೀಲಿ. ಮೋಡ ಕಾಲಡಿ ಇತ್ತು.

ಆಗ ಕೆಳಗಿನಿಂದ ಧಡ್ ಅಂತ ಒಂದು ಸದ್ದು. ಹಿಂದೆಯೇ ಗಡಗಡ ಅನ್ನುವ ಅದುರು. ಎಂಜಿನ್ ಸುತ್ತು ತೋರಿಸುವ ಮುಳ್ಳು ಕೆಲವೇ ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯಿತು. ಬೆಂಕಿಯ ಎಚ್ಚರಿಕೆ ಕೊಡುವ ಕೆಂಪು ದೀಪ ಹತ್ತಿಕೊಂಡಿತು. ಜೊತೆಗಾರನಿಗೆ ರೇಡಿಯೊದಲ್ಲಿ ವಿಷಯ ತಿಳಿಸಿದರು. ಕ್ರುಸೇಡರ್‌ನ ನಿಯಂತ್ರಣವೆಲ್ಲ ಹೈಡ್ರಾಲಿಕ್ ಒತ್ತಡದಿಂದ, ಅಂದರೆ ಕೊಳವೆಗಳಲ್ಲಿನ ಎಣ್ಣೆಯ ಒತ್ತಡದಿಂದ, ನಡೆಯುವಂಥದ್ದು. ಎಂಜಿನ್ ನಿಂತು, ಬದಲಿ ಶಕ್ತಿಯೂ ಸಿಗದಿದ್ದರೆ ಕೈಯಲ್ಲಿರುವ ಸ್ಟಿಕ್ ಬರೀ ಕೋಲು. ಆ ಬದಲಿ ಶಕ್ತಿಯ ಹಿಡಿಕೆಯೇ ಕಿತ್ತು ಬಂದಿತ್ತು.

ರಾಂಕಿನ್ ಮೈಮೇಲೆ ಒತ್ತಡ ತಡೆಯುವ ಸೂಟ್ ಇರಲಿಲ್ಲ. ಬೇಸಿಗೆಯ ತೆಳು ಫ್ಲೈಯಿಂಗ್ ಸೂಟ್, ಹೆಲ್ಮೆಟ್, ಆಕ್ಸಿಜನ್ ಮಾಸ್ಕ್, ಇಷ್ಟೇ. ಹೊರಗೆ ಮೈನಸ್ 50 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಆರು ಗಂಟೆಗೆ ಅವರು ಎಜೆಕ್ಷನ್ ಸೀಟಿನ, ಅಂದರೆ ಪೈಲಟನ್ನು ವಿಮಾನದಿಂದ ಹೊರಗೆ ಚಿಮ್ಮಿಸುವ ಸೀಟಿನ, ಹಿಡಿ ಎಳೆದರು.

ಹೊರಗೆ ಬಂದ ಕೂಡಲೇ ಮೈ ಒಡೆದಂತಾಯಿತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಎಂಟನೇ ಒಂದು ಭಾಗದಷ್ಟು ಇರುತ್ತದೆ. ದೇಹದೊಳಗಿನ ಗಾಳಿ ಒಮ್ಮೆಲೇ ಹಿಗ್ಗುತ್ತದೆ. ಅವರ ಹೊಟ್ಟೆ ಉಬ್ಬಿತು. ಕಣ್ಣು, ಕಿವಿ, ಮೂಗು, ಬಾಯಿಂದ ರಕ್ತ ಬಂತು. ಬಯಲಾಗಿದ್ದ ಚರ್ಮ ಮೊದಲು ಉರಿದು, ಆಮೇಲೆ ಮರಗಟ್ಟಿತು. ಮುಖದ ಮೇಲೆ ಪಟಪಟ ಬಡಿಯುತ್ತಿದ್ದ ಆಕ್ಸಿಜನ್ ಮಾಸ್ಕನ್ನು ಹೇಗೋ ಹಿಡಿದು ಒತ್ತಿಕೊಂಡರು. ಆಕ್ಸಿಜನ್ ಇಲ್ಲದೆ ಆ ಎತ್ತರದಲ್ಲಿ ತಲೆ ಕೆಲಸ ಮಾಡುವುದು ಹತ್ತು ಹದಿನೈದು ಸೆಕೆಂಡ್ ಅಷ್ಟೇ. ಮಾಸ್ಕ್ ಸಿಗದೇ ಹೋಗಿದ್ದರೆ ಈ ಕತೆ ಹೇಳಲು ಅವರು ಉಳಿಯುತ್ತಿರಲಿಲ್ಲ.

ಪ್ಯಾರಾಶೂಟ್ 10,000 ಅಡಿಗೆ ಬಂದಾಗ ತಾನಾಗಿಯೇ ಬಿಚ್ಚಿಕೊಳ್ಳುವಂತೆ ಹೊಂದಿಸಿತ್ತು. ಗಾಳಿಯ ಒತ್ತಡ ಅಳೆಯುವ ಸ್ವಿಚ್ ಆ ಕೆಲಸ ಮಾಡುತ್ತದೆ. ಅದಕ್ಕಿಂತ ಮೇಲೆಯೇ ಬಿಚ್ಚಿಕೊಂಡರೆ, ಚಳಿಯಲ್ಲಿ ತೂಗುತ್ತಾ ಉಸಿರು ಕಟ್ಟಿ ಸಾಯಬೇಕಾಗುತ್ತದೆ. ಅದು ರಾಂಕಿನ್‌ಗೆ ಚೆನ್ನಾಗಿ ಗೊತ್ತಿತ್ತು. ಬಿಚ್ಚುವ ಹಿಡಿ ಕೈಗೆಟಕುವಲ್ಲೇ ಇತ್ತು. ಎಳೆಯಬೇಕು ಅನ್ನಿಸಿತು. ಎಳೆಯಲಿಲ್ಲ. ಅಷ್ಟರಲ್ಲಿ ಮೋಡ ಅವರನ್ನು ನುಂಗಿತ್ತು. ಎಷ್ಟು ಎತ್ತರದಲ್ಲಿದ್ದೇನೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಐದು ನಿಮಿಷ ಕಳೆದರೂ ಪ್ಯಾರಾಶೂಟ್ ಬಿಚ್ಚಲಿಲ್ಲ.

ಆಮೇಲೆ ಬಿಚ್ಚಿತು. ಆದರೆ ತಪ್ಪಾದ ಜಾಗದಲ್ಲಿ, ಇನ್ನೂ ಮೋಡದ ಮೇಲ್ಭಾಗದಲ್ಲಿದ್ದಾಗಲೇ. ಬಿರುಗಾಳಿಯೊಳಗಿನ ಒತ್ತಡದ ಏರುಪೇರಿಗೆ ಸ್ವಿಚ್ ಮೋಸಹೋಯಿತು ಅನ್ನುತ್ತಾರೆ.

ಲೆಕ್ಕ ತಪ್ಪಿದ್ದೆಲ್ಲಿ

ಇಲ್ಲೊಂದು ಲೆಕ್ಕ ಹಾಕೋಣ. ಸಾಮಾನ್ಯ ಹವೆಯಲ್ಲಿ 47,000 ಅಡಿಯಿಂದ 10,000 ಅಡಿವರೆಗೆ ಹಾಗೇ ಬೀಳಲು ಎರಡೂವರೆ ಮೂರು ನಿಮಿಷ ಸಾಕು. ಅಲ್ಲಿಂದ ಪ್ಯಾರಾಶೂಟ್‌ನಲ್ಲಿ ನೆಲಕ್ಕೆ ಇನ್ನೊಂದು ಒಂಬತ್ತು ಹತ್ತು ನಿಮಿಷ. ಒಟ್ಟು ಕಾಲು ಗಂಟೆಯೊಳಗೆ ಎಲ್ಲ ಮುಗಿಯಬೇಕಿತ್ತು. ರಾಂಕಿನ್ ಕೆಳಗೆ ಬರಲು 40 ನಿಮಿಷ ತೆಗೆದುಕೊಂಡರು. ಹೆಚ್ಚುವರಿ 25 ನಿಮಿಷ ಎಲ್ಲಿಂದ ಬಂತು?

ಗುಡುಗು ಮೋಡವನ್ನು ಹೊರಗಿನಿಂದ ನೋಡಿದರೆ ಸುಮ್ನೆ ನಿಂತಂತೆ ಕಾಣುತ್ತದೆ. ಒಳಗೆ ಅದು ದೊಡ್ಡ ಒಲೆಯ ಚಿಮಣಿ. ಕೆಳಗಿನ ಬಿಸಿ, ತೇವದ ಗಾಳಿ ಮೇಲಕ್ಕೆ ನುಗ್ಗುತ್ತದೆ. ಬಲವಾದ ಮೋಡದಲ್ಲಿ ಈ ಏರುಗಾಳಿಯ ವೇಗ ಗಂಟೆಗೆ 100 ಕಿಲೋಮೀಟರ್ ದಾಟಬಹುದು. ಬಿಚ್ಚಿದ ಪ್ಯಾರಾಶೂಟ್ ಕೆಳಗಿಳಿಯುವುದು ಗಂಟೆಗೆ ಹೆಚ್ಚೂಕಡಿಮೆ 20 ಕಿಲೋಮೀಟರ್ ವೇಗದಲ್ಲಿ. ಅಂದ ಮೇಲೆ ಪ್ಯಾರಾಶೂಟ್‌ಗೆ ಕಟ್ಟಿಕೊಂಡ ಮನುಷ್ಯ ಇಳಿಯುವುದಿಲ್ಲ, ಏರುತ್ತಾನೆ. ಏರಿದ ಗಾಳಿ ಮೇಲೆ ತಣ್ಣಗಾಗಿ ಪಕ್ಕದಲ್ಲೇ ಕೆಳಗೆ ಸುರಿಯುತ್ತದೆ. ಅದಕ್ಕೆ ಸಿಕ್ಕರೆ ಒಮ್ಮೆಲೇ ಕುಸಿತ. ಮತ್ತೆ ಏರುಗಾಳಿ, ಮತ್ತೆ ಮೇಲೆ.

ಆಲಿಕಲ್ಲು ಹುಟ್ಟುವುದೂ ಹೀಗೆಯೇ. ಚಿಕ್ಕ ಮಂಜಿನ ಕಾಳನ್ನು ಗಾಳಿ ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಅದು ನೀರು ಮೆತ್ತಿಕೊಂಡು ಹೆಪ್ಪುಗಟ್ಟುತ್ತಾ ಹೋಗುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ಆ ಸಂಜೆ ರಾಂಕಿನ್ ಇದ್ದದ್ದು ಆಲಿಕಲ್ಲು ತಯಾರಾಗುವ ಜಾಗದಲ್ಲಿ. ಆ ಕಲ್ಲುಗಳೇ ಅವರ ಮೈಗೆ ಬಡಿದವು. ಮೈತುಂಬ ಬಾಸುಂಡೆ ಬಂತು.

ಸುತ್ತಿ ಸುತ್ತಿ ವಾಂತಿಯಾಯಿತು. ಮಿಂಚು ಅವರ ಕಣ್ಣಿಗೆ ಹಲವು ಅಡಿ ದಪ್ಪದ ನೀಲಿ ಅಲಗುಗಳ ಹಾಗೆ ಕಂಡಿತು. ಗುಡುಗು ಕಿವಿಗೆ ಕೇಳಿದ್ದಕ್ಕಿಂತ ಮೈಗೆ ತಟ್ಟಿತು. ಒಮ್ಮೆ ಪ್ಯಾರಾಶೂಟ್ ಬಟ್ಟೆಯೇ ಒದ್ದೆ ಕಂಬಳಿಯಂತೆ ಅವರ ಮೇಲೆ ಬಿದ್ದು ಸುತ್ತಿಕೊಂಡಿತು. ಇನ್ನು ಅರಳುವುದಿಲ್ಲ ಅಂದುಕೊಂಡರು. ಅರಳಿತು. ಮಳೆ ಎಷ್ಟು ದಟ್ಟವಾಗಿತ್ತೆಂದರೆ, ನೀರು ಕುಡಿದು ಮುಳುಗಿಬಿಡಬಾರದು ಅಂತ ಉಸಿರು ಬಿಗಿಹಿಡಿಯಬೇಕಾಯಿತು. ನೆಲದಿಂದ ಅಷ್ಟು ಮೇಲೆ, ಗಾಳಿಯ ನಡುವೆ, ಮುಳುಗಿ ಸಾಯುವ ಭಯ!

2007ರಲ್ಲಿ ಆಸ್ಟ್ರೇಲಿಯಾದಲ್ಲಿ ಎವಾ ವಿಸ್ನಿಯೆರ್ಸ್ಕಾ ಎಂಬ ಪ್ಯಾರಾಗ್ಲೈಡರ್ ಇಂಥದೇ ಮೋಡಕ್ಕೆ ಸಿಕ್ಕಿದ್ದರು. 9,946 ಮೀಟರ್ ಎತ್ತರಕ್ಕೆ ಹೋಗಿ ಜೀವಂತ ಇಳಿದರು. ಆದರೆ ಮೇಲೆ ಅವರಿಗೆ ತುಂಬಾ ಹೊತ್ತು ಪ್ರಜ್ಞೆಯೇ ಇರಲಿಲ್ಲ. ರಾಂಕಿನ್‌ಗೆ ಪ್ರಜ್ಞೆ ಇತ್ತು. ಸ್ಕ್ರಿಪ್ಟ್ ಬರೆಯುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಆತ ನೋಡುತ್ತಿದ್ದ, ಯೋಚಿಸುತ್ತಿದ್ದ, ಲೆಕ್ಕ ಹಾಕುತ್ತಿದ್ದ. ಪ್ರೇಕ್ಷಕರು ಕೂರಬೇಕಾದದ್ದು ಆ ತಲೆಯೊಳಗೆ.

ಇದನ್ನು ಚಿತ್ರ ಮಾಡುವುದು

ಮೊದಲ ಸಲ ಬರೆಯುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂತ ನನಗೆ ಗೊತ್ತು. ಪೈಲಟ್ ಬೀಳುತ್ತಿದ್ದಾನೆ, ಕಟ್. ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಕಟ್. ಮಗು ಕಾಗದದ ವಿಮಾನ ಹಾರಿಸುತ್ತಿದೆ. ಕಟ್. ಅಪ್ಪನ ಜೊತೆ ಹಳೆಯ ಜಗಳ. ಹೀಗೆ ಮಾಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದು ಸಲ ನೆಲ ತೋರಿಸಿದರೆ ಮುಗಿಯಿತು, ಪ್ರೇಕ್ಷಕರಿಗೆ ಕಾಲೂರಲು ಜಾಗ ಸಿಕ್ಕಿತು. ರಾಂಕಿನ್‌ಗೆ 40 ನಿಮಿಷ ಕಾಲೂರಲು ಏನೂ ಸಿಗಲಿಲ್ಲ. ನಮಗೂ ಸಿಗಬಾರದು.

ಹಾಗಾದರೆ ಆ ಹೊತ್ತನ್ನು ಏನಿಟ್ಟು ತುಂಬಿಸುವುದು? ಕಷ್ಟ ಇರುವುದೇ ಇಲ್ಲಿ. ಮಾಸ್ಕ್ ಹಾಕಿದ ಪೈಲಟ್‌ನ ಮುಖದಲ್ಲಿ ಕಾಣುವುದು ಕಣ್ಣು ಮಾತ್ರ. ನಟನಿಗೆ ತುಟಿಯಿಲ್ಲ, ಕೆನ್ನೆಯಿಲ್ಲ. ಮಾತಾಡಲು ಎದುರಿಗೆ ಯಾರೂ ಇಲ್ಲ. ವಿಮಾನದ ಜೊತೆಗೆ ರೇಡಿಯೊ ಹೋಯಿತು. ತನ್ನಷ್ಟಕ್ಕೆ ತಾನೇ ಜೋರಾಗಿ ಮಾತಾಡಿಸಿದರೆ ಸುಳ್ಳಾಗುತ್ತದೆ. ಹಿನ್ನೆಲೆಯಲ್ಲಿ ಧ್ವನಿ ಕೊಟ್ಟರೆ ಇನ್ನೂ ಕೆಟ್ಟದು. ಆಮೇಲೆ ಕೂತು ಕತೆ ಹೇಳುತ್ತಿರುವ ಧ್ವನಿ ಕೇಳಿದ ಕ್ಷಣವೇ ಆತ ಬದುಕಿದ ಅಂತ ಗೊತ್ತಾಗಿಬಿಡುತ್ತದೆ, ಅಲ್ವಾ?

ಉಳಿಯುವುದು ಕೈ. ಇಡೀ ಪ್ರಕರಣವನ್ನು ಇನ್ನೊಮ್ಮೆ ಓದಿ ನೋಡಿ, ಎಲ್ಲ ಮುಖ್ಯ ಘಟ್ಟಗಳೂ ಕೈಯಲ್ಲೇ ಇವೆ. ಕಿತ್ತು ಬಂದ ಹಿಡಿಕೆ ಹಿಡಿದ ಕೈ. ಎಜೆಕ್ಷನ್ ಸೀಟಿನ ಹಿಡಿ ಎಳೆದ ಕೈ. ಮಾಸ್ಕ್ ಒತ್ತಿಕೊಂಡ ಕೈ. ಎಲ್ಲಕ್ಕಿಂತ ಮುಖ್ಯವಾಗಿ, ಪ್ಯಾರಾಶೂಟ್ ಹಿಡಿಯನ್ನು ಎಳೆಯದೆ ತಡೆದುಕೊಂಡ ಕೈ. ಕೊನೆಗೆ ಗಡಿಯಾರ ಕಟ್ಟಿದ ಕೈ.

ಎಳೆಯದ ಆ ಕೈ ನನ್ನನ್ನು ಬಿಟ್ಟು ಹೋಗುವುದೇ ಇಲ್ಲ. ಸಿನಿಮಾದಲ್ಲಿ ಸಾಹಸ ಅಂದರೆ ಏನಾದರೂ ಮಾಡುವುದು. ಇಲ್ಲಿ ಬದುಕಿಸಿದ್ದು ಮಾಡದೇ ಇದ್ದದ್ದು. ಕತ್ತಲು, ರಕ್ತ ತುಂಬಿದ ಕಣ್ಣು, ಎತ್ತರ ಗೊತ್ತಿಲ್ಲ. ಬಿಚ್ಚದಿದ್ದರೆ ನೆಲಕ್ಕಪ್ಪಳಿಸಿ ಸಾವು, ಬೇಗ ಬಿಚ್ಚಿದರೆ ಮೇಲೆಯೇ ಸಾವು. ಈ ಎರಡರ ನಡುವೆ ಒಂದು ಯಂತ್ರವನ್ನು ನಂಬಿ ಸುಮ್ಮನಿರಬೇಕು. ಅದೂ ಒಂದು ಯಂತ್ರ ಈಗಷ್ಟೇ ಎದೆಗೆ ಒದ್ದ ಮೇಲೆ, ಒಂದು ಹಿಡಿಕೆ ಈಗಷ್ಟೇ ಕೈಗೆ ಕಿತ್ತು ಬಂದ ಮೇಲೆ! ಆರಂಭದ ಆ ಮುರಿದ ಹಿಡಿಕೆಗೆ ಪೂರ್ತಿ ಅರ್ಥ ಬರುವುದು ಇಲ್ಲಿ. ಒಂದು ಹಿಡಿ ಎಳೆದಾಗ ಕೆಲಸ ಮಾಡಲಿಲ್ಲ. ಇನ್ನೊಂದನ್ನು ಎಳೆಯಬಾರದು. ಆ ಐದು ನಿಮಿಷವನ್ನು ಚಿತ್ರದಲ್ಲೂ ಐದು ನಿಮಿಷವೇ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂವತ್ತು ಸೆಕೆಂಡಿಗೆ ಇಳಿಸಬಾರದು. ಎಡಿಟಿಂಗ್ ಟೇಬಲ್‌ನಲ್ಲಿ ಎಲ್ಲರೂ ಉದ್ದವಾಯಿತು ಅನ್ನುತ್ತಾರೆ. ಉದ್ದವಾಗಲಿ.

ಇದು ಕೆಲಸ ಮಾಡಬೇಕಾದರೆ ಒಂದು ಸಿದ್ಧತೆ ಬೇಕು. 10,000 ಅಡಿ, ತಾನಾಗಿ ಬಿಚ್ಚುವ ಸ್ವಿಚ್, ಬೇಗ ಬಿಚ್ಚಿದರೆ ಸಾವು, ಈ ಮೂರೂ ಪ್ರೇಕ್ಷಕರಿಗೆ ಮೊದಲೇ ತಿಳಿದಿರಬೇಕು. ಬೀಳುವಾಗ ವಿವರಿಸಲು ಹೋದರೆ ಬಿಗಿ ಸಡಿಲವಾಗುತ್ತದೆ. ಹಾಗಾಗಿ ಹೊರಡುವ ಮುಂಚಿನ ತಪಾಸಣೆಯಲ್ಲೇ ಅದನ್ನು ಇಟ್ಟುಬಿಡಿ. ನೆಲದ ಮೇಲೆ, ಬಿಸಿಲಲ್ಲಿ, ಪ್ಯಾರಾಶೂಟ್ ಪಟ್ಟಿ ಬಿಗಿಯುತ್ತಾ ತಂತ್ರಜ್ಞ ಎರಡು ಮಾತು ಹೇಳಲಿ. ಪೈಲಟ್ ಅರ್ಧ ಗಮನದಲ್ಲಿ ತಲೆಯಾಡಿಸಲಿ. ನೂರು ಸಲ ಕೇಳಿದ ಮಾತು ಅನ್ನುವ ಹಾಗೆ. ಅಲ್ಲಿ ಬೇಜಾರಿನ ಮಾತಾಗಿದ್ದದ್ದು ಮೇಲೆ ಉಸಿರು ಹಿಡಿಸುತ್ತದೆ.

ಎರಡನೇ ಕಷ್ಟ ಪ್ಯಾರಾಶೂಟ್ ಬಿಚ್ಚಿದ ಮೇಲಿನದು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಅರ್ಧ ಗಂಟೆ ಇದನ್ನೇ ತೋರಿಸಿದರೆ ನೋಡುವವರಿಗೆ ಸಾಕಾಗಿಹೋಗುತ್ತದೆ. ನಾನು ಬಹಳ ದಿನ ಇದನ್ನೇ ಗುದ್ದಾಡಿದೆ. ಆಮೇಲೆ ಹೊಳೆದದ್ದು, ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಭಯ ಇದೆ. ಮೊದಲು ಚಳಿ. ಆಮೇಲೆ ಕಲ್ಲು. ಆಮೇಲೆ ಬೆಂಕಿ, ಅಂದರೆ ಮಿಂಚು. ಆಮೇಲೆ ಬಟ್ಟೆಯೇ ಹೆಣದ ಹೊದಿಕೆಯಾಗುವುದು. ಆಮೇಲೆ ನೀರು. ಒಂದೊಂದಕ್ಕೂ ಮೈ ಬೇರೆ ಥರ ವರ್ತಿಸುತ್ತದೆ. ಚಳಿಗೆ ಮುದುಡುತ್ತದೆ, ಕಲ್ಲಿಗೆ ತಲೆ ತಗ್ಗಿಸುತ್ತದೆ, ಮಿಂಚಿಗೆ ಕಣ್ಣು ಮುಚ್ಚುತ್ತದೆ, ನೀರಿಗೆ ಬಾಯಿ ಬಿಗಿಯುತ್ತದೆ. ನಟನಿಗೆ ಇಷ್ಟು ಕೊಟ್ಟರೆ ಸಂಭಾಷಣೆ ಬೇಕಾಗಿಲ್ಲ.

ಸದ್ದಿನ ವಿಷಯದಲ್ಲಿ ಒಂದೇ ಮಾತು: ಹಿನ್ನೆಲೆ ಸಂಗೀತ ಬೇಡ. ಮಾಸ್ಕಿನೊಳಗಿನ ಉಸಿರು ಇದೆ. ಆಕ್ಸಿಜನ್ ಮುಗಿಯುತ್ತಾ ಬಂದಂತೆ ಆ ಉಸಿರಿನ ಲಯ ಬದಲಾಗುತ್ತದೆ. ಗುಡುಗಿನ ಮಂದ್ರ ಶಬ್ದ ಕುರ್ಚಿಯ ಮೂಲಕ ಬೆನ್ನಿಗೆ ತಟ್ಟಿದರೆ ರಾಂಕಿನ್ ಹೇಳಿದ್ದು ಸುಳ್ಳಲ್ಲ ಅಂತ ಗೊತ್ತಾಗುತ್ತದೆ.

ಇನ್ನು ಒಂದು ಮುಖ್ಯ ಶಾಟ್. ಒಂದು ಮಿಂಚು ಹತ್ತಿರದಲ್ಲೇ ಹೊಡೆದಾಗ ತಲೆಯ ಮೇಲಿನ ಪ್ಯಾರಾಶೂಟ್ ಪೂರ್ತಿ ಬೆಳಗಿತು. ಬಿಳಿ ಗುಮ್ಮಟವೊಂದರ ಕೆಳಗೆ ತೂಗುತ್ತಿದ್ದೇನೆ ಅನ್ನಿಸಿ, ತಾನು ಸತ್ತೇಹೋದೆ ಅಂದುಕೊಂಡರು ರಾಂಕಿನ್. ಇದನ್ನು ದೂರದಿಂದ, ಮೋಡದಲ್ಲಿ ತೂಗುವ ಪುಟ್ಟ ಮನುಷ್ಯನಾಗಿ ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಚೆಂದ ಕಾಣುತ್ತದೆ, ನಿಜ. ಆದರೆ ಕ್ಯಾಮೆರಾ ಆತನ ಕಣ್ಣಿನ ಜಾಗದಲ್ಲೇ ಇದ್ದು ಮೇಲಕ್ಕೆ ನೋಡಬೇಕು. ತೊಯ್ದ ಬಟ್ಟೆಯ ಹೊಲಿಗೆ ಸಾಲುಗಳು, ನಡುವಿಗೆ ಹೋಗಿ ಸೇರುವ ಹಗ್ಗಗಳು, ಎಲ್ಲ ಒಂದು ಕ್ಷಣ ಹಾಲಿನಷ್ಟು ಬಿಳಿ. ಸದ್ದು ಪೂರ್ತಿ ನಿಲ್ಲಲಿ. ಅಲ್ಲಿ ಮೂರು ಸೆಕೆಂಡ್ ಪ್ರೇಕ್ಷಕರಿಗೂ ಆತ ಸತ್ತ ಅನ್ನಿಸಬೇಕು. ಆಮೇಲೆ ಮೂಗಿಗೆ ನೀರು ನುಗ್ಗುತ್ತದೆ, ಕೆಮ್ಮು ಬರುತ್ತದೆ. ಸತ್ತವರು ಕೆಮ್ಮುವುದಿಲ್ಲ.

ಇದಕ್ಕೆಲ್ಲ ಭಾರಿ ದುಡ್ಡು ಬೇಕು ಅಂತ ಹೆದರುವವರೂ ಇದ್ದಾರೆ. ಮೋಡದೊಳಗೆ ಏನೂ ಕಾಣುತ್ತಿರಲಿಲ್ಲ ಅನ್ನುವುದನ್ನು ಮರೆಯಬೇಡಿ. ಕತ್ತಲು, ಹೊಗೆ, ನೀರು, ಫ್ಯಾನ್, ಮಿಂಚಿಗೆ ಬೆಳಕು, ಮೇಲಿಂದ ತೂಗುಹಾಕಿದ ಪಟ್ಟಿಗಳಲ್ಲಿ ನಟ. ಕಾಕ್‌ಪಿಟ್ ಭಾಗ ಕೆಲವೇ ನಿಮಿಷದ್ದು. ಅದಕ್ಕೆ ಇಡೀ ವಿಮಾನ ಬೇಕಿಲ್ಲ. ಸೊನ್ನೆಗಿಳಿಯುವ ಮುಳ್ಳು, ಕೆಂಪು ದೀಪ, ಹಿಡಿಕೆ ಸಾಕು.

ಎಲ್ಲಿ ನಿಲ್ಲಿಸುವುದು

ಕೊನೆಗೆ ಗಾಳಿ ಇಳಿಯಿತು. ರಾಂಕಿನ್ ಉತ್ತರ ಕೆರೊಲಿನಾದ ರಿಚ್ ಸ್ಕ್ವೇರ್ ಹತ್ತಿರದ ಕಾಡಿಗೆ ಬಂದು ಬಿದ್ದರು. ಗಡಿಯಾರ ನೋಡಿಕೊಂಡರು. 6 ಗಂಟೆ 40 ನಿಮಿಷ. ಹೆಚ್ಚಿನವರು ಚಿತ್ರವನ್ನು ಇಲ್ಲೇ ಮುಗಿಸುತ್ತಾರೆ. ಗಡಿಯಾರದ ಮುಖ, ಕಪ್ಪು ಪರದೆ, ಹೆಸರುಗಳು.

ಆದರೆ ಪ್ರಕರಣ ಅಲ್ಲಿಗೆ ಮುಗಿದಿರಲಿಲ್ಲ. ಅವರು ಎದ್ದು, ಮಳೆಯಲ್ಲೇ ಮರಗಳ ನಡುವೆ ದಾರಿ ಹುಡುಕಿಕೊಂಡು ಒಂದು ರಸ್ತೆಗೆ ಬಂದರು. ಕೈ ಅಡ್ಡ ಹಿಡಿದರು. ಕಾರುಗಳು ನಿಲ್ಲಿಸದೆ ಹೋದವು. ರಕ್ತ, ವಾಂತಿ ಮೆತ್ತಿಕೊಂಡು, ಕುಂಟುತ್ತಾ ರಸ್ತೆಬದಿಯಲ್ಲಿ ನಿಂತ ಮನುಷ್ಯನನ್ನು ಕಂಡು ಯಾರಿಗೆ ತಾನೇ ಹೆದರಿಕೆಯಾಗುವುದಿಲ್ಲ? ಕಡೆಗೆ ಒಂದು ಕಾರು ನಿಂತಿತು. ರಿಚ್ ಸ್ಕ್ವೇರ್‌ನ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿಂದ ಆಂಬುಲೆನ್ಸ್‌ಗೆ ಫೋನ್ ಹೋಯಿತು. ಅಹೋಸ್ಕಿಯ ಆಸ್ಪತ್ರೆಗೆ ಸೇರಿಸಿದರು. ಚಳಿಗೆ ಸತ್ತ ಚರ್ಮ, ಮೈತುಂಬ ಏಟು, ಒತ್ತಡ ಕುಸಿದದ್ದರ ಗಾಯಗಳು. ವಾಸಿಯಾದ ಮೇಲೆ ಮತ್ತೆ ಕೆಲಸಕ್ಕೆ ಹೋದರು. 1960ರಲ್ಲಿ ಈ ಅನುಭವದ ಪುಸ್ತಕ ಬಂತು. 2009ರಲ್ಲಿ ತೀರಿಕೊಂಡರು.

ನನ್ನ ಮಟ್ಟಿಗೆ ಚಿತ್ರದ ಜೀವ ಆ ರಸ್ತೆಯಲ್ಲಿದೆ. ಮೋಡ ಆತನನ್ನು ಬಿಟ್ಟಿತು, ಆದರೆ ಆತ ಇನ್ನೂ ಒಬ್ಬನೇ. ಮೇಲೆ ಬಳಸಿದ ಅದೇ ಕೈಯನ್ನು ಇಲ್ಲಿ ಕಾರಿನ ದೀಪದ ಬೆಳಕಲ್ಲಿ ಎತ್ತಬೇಕು. ಒಂದು ಕಾರು ಹೋಗುತ್ತದೆ, ಇನ್ನೊಂದು ಹೋಗುತ್ತದೆ. ಅಲ್ಲಿ ಎಳೆಯದೆ ತಡೆದ ಕೈ ಇಲ್ಲಿ ಇಳಿಯದೆ ನಿಂತಿರಬೇಕು. ಕಾರು ನಿಂತಾಗ ಡ್ರೈವರ್ ಏನು ಕೇಳಿದ ಅಂತ ಬರೆಯಲು ಹೋಗಬೇಡಿ. ಕಿಟಕಿ ಗಾಜು ಇಳಿಯುವ ಸದ್ದು ಸಾಕು.

ಕೊನೆಯ ದೃಶ್ಯ ಅಂಗಡಿ. ಬಲ್ಬಿನ ಬೆಳಕು, ಒಣಗಿದ ನೆಲ, ಅದರ ಮೇಲೆ ಬೂಟಿನಿಂದ ತೊಟ್ಟಿಕ್ಕುವ ನೀರು. ಫೋನ್ 1959ರದ್ದು, ಬೆರಳು ತೂರಿಸಿ ತಿರುಗಿಸುವ ಡಯಲ್. ಮರಗಟ್ಟಿದ ಬೆರಳು ತೂತಿಗೆ ಸರಿಯಾಗಿ ಕೂರುವುದಿಲ್ಲ, ಜಾರುತ್ತದೆ. ಮತ್ತೆ ತೂರಿಸುತ್ತಾನೆ. ಡಯಲ್ ಕಿರ್ರ್ ಅಂತ ಹಿಂದಕ್ಕೆ ಬರುತ್ತದೆ. ಆ ಕಡೆಯಿಂದ ಯಾರೋ ಹಲೋ ಅನ್ನುತ್ತಾರೆ.